ಪುರಂದರಣ್ಣನ ಮೂಕಿಚಿತ್ರ

ಕುಂಜತ್ತೂರಿನ ಪುರಂದರಣ್ಣನ ಹೊಟ್ಟೆಪಾಡೇ ಸದ್ದು. ಮದುವೆ, ಗೃಹಪ್ರವೇಶ, ಚುನಾವಣೆ, ಕಬಡ್ಡಿ, ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲಿ ‘ಪಂಕಜಾ ಸೌಂಡ್ಸ್’ ಎಂದು ಬಿಳಿ ಅಕ್ಷರದಲ್ಲಿ ಬರೆದ ಕಪ್ಪು ಡಬ್ಬಗಳು ನಿಂತಿರುತ್ತವೆ. ಕೇರಳದಲ್ಲಿ ನಿಂತು ಅವನು ‘ಹಲೋ’ ಅಂದರೆ ಗಡಿಯಾಚೆ ಕರ್ನಾಟಕದಲ್ಲಿ ಮಲಗಿದ ಮಕ್ಕಳು ಎದ್ದು ಅಳುತ್ತಿದ್ದವು. ಅಂಥವನ ಸ್ವಂತ ಮನೆಯಲ್ಲಿ ಗಂಡ ಹೆಂಡಿರ ನಡುವೆ ಮಾತು ನಿಂತುಹೋಗಿತ್ತು. ಮಳೆಗಾಲ ಬಂತು, ಹೋಯಿತು. ಮಾತು ಮಾತ್ರ ಬರಲಿಲ್ಲ.

ತಪ್ಪು ಯಾರದ್ದು ಅಂತ ಕೇಳಿದರೆ, ಮೈಕಿನದ್ದು ಅಂತ ಪುರಂದರಣ್ಣ ಹೇಳುತ್ತಾನೆ. ಅವನು ಹೇಳದೆ ಇನ್ನಾರು ಹೇಳಬೇಕು! ನಡೆದದ್ದು ಇಷ್ಟು. ಬೇಸಗೆಯಲ್ಲಿ ಕಬಡ್ಡಿ ಪಂದ್ಯಾಟವಿತ್ತು. ಸಂಜೆ ಸೆಟ್ಟು ಕಟ್ಟಿ, ನಾಲ್ಕು ದಿಕ್ಕಿಗೆ ಡಬ್ಬ ತಿರುಗಿಸಿ, ಪುರಂದರಣ್ಣ ಮತ್ತು ಅವನ ಪಾಲುಗಾರ ಜಯಪಾಲ ಟೆಸ್ಟಿಂಗ್ ಮಾಡುತ್ತಿದ್ದರು. ‘ಬೇಸ್ ಸಾಕಾ ಪುರಂದರಣ್ಣ?’ ಎಂದು ಡಬ್ಬದ ಗುಡುಗುವ ಸದ್ದು ಏರಿಸುತ್ತ ಜಯಪಾಲ ಕೇಳಿದ. ಮೈಕ್ ಆಫ್ ಆಗಿದೆ ಎಂದು ತಿಳಿದ ಪುರಂದರಣ್ಣ ಎದೆಯುಬ್ಬಿಸಿ ಹೇಳಿದ:

‘ನಮ್ಮ ಪಂಕಜಾಕ್ಷಿಯ ಗೊರಕೆಯ ಎದುರು ಈ ಬೇಸ್ ಎಂತದು ಮಾರಾಯ? ಅವಳು ಮಲಗಿದ್ರೆ ಮನೆ ಹಿಂದೆ ರೈಲು ಹೋದದ್ದು ನನಗೆ ಗೊತ್ತಾಗುದಿಲ್ಲ!’

ಮೈಕ್ ಆಫ್ ಆಗಿರಲಿಲ್ಲ. ಒಂದು ಡಬ್ಬ ನೇರವಾಗಿ ಕುಟುಂಬಶ್ರೀ ಮಹಿಳಾ ಸಂಘದವರ ಚಹಾದ ಅಂಗಡಿಗೆ ಮುಖ ಮಾಡಿತ್ತು. ಅಲ್ಲಿ ಪಂಕಜಾಕ್ಷಿ ಹತ್ತು ಹೆಂಗಸರ ನಡುವೆ ಗೋಳಿಬಜೆ ಕರಿಯುತ್ತಿದ್ದಳು. ಮರುದಿನದಿಂದ ಊರಿನ ಮಕ್ಕಳು ಅವಳಿಗೆ ‘ಬೇಸಕ್ಕ’ ಎಂದು ಹೆಸರಿಟ್ಟರು. ಪಡಿತರದ ಅಂಗಡಿಯ ಸಾಲಿನಲ್ಲಿ ಕೂಡ ಯಾರೋ ಮೂಗಿನಲ್ಲಿ ಸದ್ದು ಮಾಡಿ ನಕ್ಕರು.

ಪಂಕಜಾಕ್ಷಿ ಹಾಸಿಗೆ ಎತ್ತಿಕೊಂಡು ಮಗಳ ಕೋಣೆಗೆ ಹೋದಳು. ಮಗಳು ವಿಜೇತಾ ಮದುವೆಯಾಗಿ ಬೋವಿಕಾನದಲ್ಲಿದ್ದ ಕಾರಣ ಆ ಕೋಣೆ ಖಾಲಿಯಿತ್ತು. ಹೋಗುವಾಗ ಬೆಕ್ಕಿನ ಹತ್ತಿರ ಹೇಳಿದಳು: ‘ಮೈಕಲ್ಲಿ ಹೇಳಿದವ್ರು ಮೈಕಲ್ಲೇ ತಪ್ಪಾಯ್ತು ಅಂತ ಹೇಳ್ಬೇಕಂತೆ. ಅಲ್ಲಿವರೆಗೆ ಈ ಮನೆಯಲ್ಲಿ ನನ್ನ ಬಾಯಿ ಬಂದ್ ಅಂತ ಹೇಳು ಅವರಿಗೆ.’

ಪುರಂದರಣ್ಣನೂ ಬೆಕ್ಕಿಗೇ ಉತ್ತರ ಕೊಟ್ಟ: ‘ಗೊರಕೆ ಹೊಡೆಯುದು ಅವಳು, ತಪ್ಪಾಯ್ತು ಹೇಳುದು ನಾನಾ? ಆಗ್ಲಿಕ್ಕಿಲ್ಲ ಅಂತ ಹೇಳು.’

ಅಂದಿನಿಂದ ಸಂಸಾರ ಬೆಕ್ಕಿನ ಮೂಲಕ ನಡೆಯಿತು. ಊಟಕ್ಕೆ ಬಡಿಸಿದ್ದು, ಗ್ಯಾಸ್ ಮುಗಿದದ್ದು, ಮಗಳು ಫೋನ್ ಮಾಡಿದ್ದು, ಎಲ್ಲವನ್ನೂ ಬೆಕ್ಕು ಮೊದಲು ಕೇಳಬೇಕು. ಇಬ್ಬರೂ ಕರೆದು ಕರೆದು ಮೀನು ಹಾಕಿದ್ದರಿಂದ ಅದು ದಪ್ಪವಾಗಿ, ಕಿಟಿಕಿಯ ಸರಳಿನ ನಡುವೆ ಹೋಗಲಾಗದೆ ಬಾಗಿಲಿನ ಮೂಲಕವೇ ತಿರುಗಾಡುತ್ತಿತ್ತು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಪುರಂದರಣ್ಣನಿಗೆ ಕಣ್ಣು ಮುಚ್ಚಿದರೂ ನಿದ್ರೆಯಿಲ್ಲ. ಮನೆ ಹಿಂದಿನ ರೈಲುಗಳೆಲ್ಲ ಒಂದೊಂದಾಗಿ ಕೇಳತೊಡಗಿದವು. ಹೋಗಿ ಮಾತಾಡಿಸಿದರೆ ಮುಗಿಯುತ್ತಿತ್ತು, ನಿಜ. ಆದರೆ ಮೊದಲು ಮಾತಾಡಿದವರು ಸೋತ ಹಾಗೆ ಅಲ್ಲವೇ? ಜನ್ಮವಿಡೀ ಇನ್ನೊಬ್ಬರ ಮಾತನ್ನು ದೊಡ್ಡದು ಮಾಡಿದವನಿಗೆ ತನ್ನದೊಂದು ಮಾತು ಗಂಟಲಿನಿಂದ ಕೆಳಗೇ ಉಳಿದಿತ್ತು.

ಇಂಥ ಹೊತ್ತಿನಲ್ಲಿ ಅಳಿಯ ಉಜ್ವಲ್ ಸಿನಿಮಾದ ಸುದ್ದಿ ತಂದ. ಉಜ್ವಲ್ ಎಂದರೆ ಪುರಂದರಣ್ಣನ ಅಕ್ಕ ಸೌದಾಮಿನಿಯ ಮಗ. ಮೀಂಜದವನು, ಮದುವೆಯ ವಿಡಿಯೋ ತೆಗೆಯುವ ಕೆಲಸ. ಸೌದಾಮಿನಿಯಕ್ಕನಿಗೆ ಸಣ್ಣ ಪ್ರಾಯದಲ್ಲೇ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಆದರೆ ಎದುರಿಗಿದ್ದವರ ತುಟಿ ಅಲುಗಿದರೆ ಸಾಕು, ತುಳುವಾಗಲಿ ಕನ್ನಡವಾಗಲಿ, ಗಟ್ಟಿಯಾಗಿ ಓದಿ ಹೇಳುವಳು. ತನ್ನ ಸ್ವರ ತನಗೆ ಕೇಳದ ಕಾರಣ ಅವಳು ಮೆಲ್ಲಗೆ ಹೇಳಿದ್ದೂ ರಸ್ತೆಯವರೆಗೆ ಹೋಗುತ್ತಿತ್ತು. ಅವಳ ಎದುರು ಗುಟ್ಟು ಮಾತಾಡಬೇಕಾದರೆ ಮನೆಮಂದಿಯೆಲ್ಲ ಗೋಡೆಯ ಕಡೆ ತಿರುಗುವುದು ರೂಢಿಯಾಗಿತ್ತು.

‘ದೇವಕಿ ಟೀಚರ ಕಾದಂಬರಿ ಉಂಟಲ್ಲ ಮಾಮ, “ಕೊತ್ತಲದ ಕೇದಗೆ”, ಅದನ್ನು ಸಿನಿಮಾ ಮಾಡ್ತೇನೆ. ಮೂಕಿ ಸಿನಿಮಾ. ಸೌಂಡೇ ಇಲ್ಲ,’ ಎಂದ ಉಜ್ವಲ್.

ಪುರಂದರಣ್ಣನಿಗೆ ಕೆಂಡ ತುಳಿದ ಹಾಗಾಯಿತು. ‘ಸೌಂಡ್ ಇಲ್ಲದ ಸಿನಿಮಾದ ಸುದ್ದಿ ಹೇಳ್ಲಿಕ್ಕೆ ನಿನಗೆ ನನ್ನ ಅಂಗಡಿಯೇ ಸಿಕ್ಕಿದ್ದಾ?’

‘ಅಮ್ಮನಿಗೋಸ್ಕರ ಮಾಮ. ಅವಳು ಟಿವಿ ನೋಡುವಾಗ ಅರ್ಧಕ್ಕರ್ಧ ಜನ ಬೆನ್ನು ಹಾಕಿ ಮಾತಾಡ್ತಾರೆ. ಎಲ್ಲರೂ ನಗುವಾಗ ಅಮ್ಮ ನನ್ನ ಮುಖ ನೋಡುದು. ಒಂದು ಸಲವಾದ್ರೂ ಅಮ್ಮನಿಗೆ ಗೊತ್ತಾದಷ್ಟೇ ಎಲ್ಲರಿಗೂ ಗೊತ್ತಾಗುವ ಹಾಗಿನದ್ದು ಮಾಡ್ಬೇಕು ಅಂತ ಆಸೆ.’

ಪುರಂದರಣ್ಣ ಕುರ್ಚಿ ಎಳೆದು ಅಳಿಯನಿಗೆ ಕೊಟ್ಟ. ತನ್ನನ್ನು ಸೊಂಟದಲ್ಲಿ ಕೂರಿಸಿಕೊಂಡು ಸಾಕಿದವಳು ಆ ಅಕ್ಕ.

ದೇವಕಿ ಟೀಚರ ಕಾದಂಬರಿ ಸಣ್ಣದಲ್ಲ. ಇಕ್ಕೇರಿಯ ದಂಡು ಈ ಸೀಮೆಗೆ ಬಂದ ಕಾಲ. ಕೋಟೆ ಕಾಯುವ ಬೀರಣ್ಣ, ಕೇದಗೆ ಮಾರುವ ಕಾಂತು. ಪ್ರೀತಿಯಾಗುತ್ತದೆ, ಯುದ್ಧವಾಗುತ್ತದೆ, ಬೀರಣ್ಣ ದಂಡಿನ ಜೊತೆ ಹೋಗುತ್ತಾನೆ, ಕೊನೆಯ ಅಧ್ಯಾಯದಲ್ಲಿ ಮುದುಕನಾಗಿ ಹಿಂದೆ ಬಂದರೆ ಕಾಂತು ಅದೇ ಕೊತ್ತಲದ ಮೇಲೆ ಕಾಯುತ್ತಿರುತ್ತಾಳೆ. ಹೊರಡುವಾಗ ಬೀರಣ್ಣ ಆಡುವ ಮಾತೇ ಹನ್ನೊಂದು ಪುಟ. ‘ಆ ಹನ್ನೊಂದು ಪುಟ ಎಂತ ಮಾಡ್ತೀಯಾ?’ ಎಂದು ಟೀಚರು ಕನ್ನಡಕದ ಮೇಲಿನಿಂದ ನೋಡಿ ಕೇಳಿದ್ದಕ್ಕೆ, ‘ಕಣ್ಣಲ್ಲೇ ಟೀಚರ್, ಬೇಕಾದ್ರೆ ನಡುವೆ ಎರಡು ಸಾಲು ಅಕ್ಷರ ಹಾಕುವ’ ಎಂದು ಉಜ್ವಲ್ ಸಮಾಧಾನ ಮಾಡಿದ್ದ.

ಎಳೆಯ ಜೋಡಿಗೆ ಕಾಲೇಜಿನ ಮಕ್ಕಳಾದ ವಿಖ್ಯಾತ್ ಮತ್ತು ಪೂಜಾಶ್ರೀ ಸಿಕ್ಕಿದರು. ಮುದಿ ಬೀರಣ್ಣನಿಗೆ ಮಾಮನ ಮೀಸೆಯೇ ಆಗಬೇಕು, ಮುದಿ ಕಾಂತುವಿಗೆ ಮಾಮಿಯ ಉದ್ದದ ನರೆಗೂದಲೇ ಆಗಬೇಕು ಎಂದು ಉಜ್ವಲ್ ಹಟ ಹಿಡಿದ. ಪಂಕಜಾಕ್ಷಿ ಒಪ್ಪಿದಳು. ಆದರೆ ಒಂದು ಶರತ್ತು: ‘ಅವರು ಬರುವ ದಿನ ನಾನು ಬರುದಿಲ್ಲ.’ ಇದು ಗೊತ್ತಾದದ್ದೇ ತಡ, ಪುರಂದರಣ್ಣನೂ ಅದೇ ಶರತ್ತು ಹಾಕಿದ. ಯುದ್ಧಕ್ಕೆ ಹೋದ ಬೀರಣ್ಣ ಕೂಡ ಕಾಂತುವಿನಿಂದ ಅಷ್ಟು ದೂರ ಇದ್ದಿರಲಿಕ್ಕಿಲ್ಲ! ಕೊನೆಗೆ ಉಜ್ವಲ್ ತಲೆ ಕೆರೆದುಕೊಂಡು, ‘ಪರವಾಗಿಲ್ಲ, ಒಬ್ಬೊಬ್ಬರನ್ನೇ ತೆಗೆದು ಆಮೇಲೆ ಸೇರಿಸ್ತೇನೆ’ ಎಂದ.

ಮೊದಲು ಪುರಂದರಣ್ಣನ ಸರದಿ. ಬೋವಿಕಾನದ ಹತ್ತಿರ ಪೊವ್ವಲ್ ಕೋಟೆಯ ಕೆಂಪುಕಲ್ಲಿನ ಕೊತ್ತಲ. ತಲೆಗೆ ಶಾಮಿಯಾನದ ಬಟ್ಟೆಯ ರುಮಾಲು, ಸೊಂಟಕ್ಕೆ ಯಕ್ಷಗಾನದವರಿಂದ ತಂದ ಕತ್ತಿ. ಎದುರಿಗೆ ಕಾಂತು ಇರಬೇಕಾದ ಜಾಗದಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು. ಅದಕ್ಕೆ ಸುತ್ತಿದ ಒಂದು ಹಸಿರು ಸೀರೆ.

‘ಆ ಸೀರೆಯ ಮುಖ ನೋಡಿ ಬಾಯಿ ಆಡಿಸಿ ಮಾಮ. ಎಂತ ಬೇಕಾದ್ರೂ ಹೇಳಿ, ಸೌಂಡ್ ತಗೊಳ್ಳುದಿಲ್ಲ.’

‘ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ,’ ಎಂದ ಪುರಂದರಣ್ಣ.

‘ಮಾಮ, ಇದು ಪ್ರೀತಿಯ ಮುಖ ಅಲ್ಲ. ಕರೆಂಟ್ ಹೋದ ಮುಖ!’

ಜನ ಸುತ್ತ ನಿಂತರೆ ತನ್ನಿಂದಾಗದು ಎಂದು ಪುರಂದರಣ್ಣ ಹೇಳಿದ. ಉಜ್ವಲ್ ಎಲ್ಲರನ್ನೂ ಕಳುಹಿಸಿ, ತಾನೂ ದೂರದಿಂದಲೇ ಮುಖ ಹತ್ತಿರ ಮಾಡುವ ಕ್ಯಾಮರಾ ಹಿಡಿದುಕೊಂಡು ಅಂಗಳದ ಆಚೆ ತುದಿಗೆ ಹೋದ. ಒಮ್ಮೆ ಮೈಕಿನಿಂದ ಬೆಂದವನಲ್ಲವೇ, ಪುರಂದರಣ್ಣ ಅಲ್ಲಿಗೂ ನಡೆದು ಹೋಗಿ ಕ್ಯಾಮರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಒಳಗಿನ ಮೈಕ್ ಆಫ್, ಹೊರಗೆ ಮೈಕಿಲ್ಲ, ವಯರಿಲ್ಲ. ಈ ವಿಷಯದಲ್ಲಿ ಅವನಿಗೆ ಮೋಸ ಮಾಡುವವರು ಹುಟ್ಟಿಲ್ಲ. ಸಮಾಧಾನದಿಂದ ಹಿಂದೆ ಬಂದು ನಿಂತು ನೋಡಿದರೆ, ಆ ಹಸಿರು ಸೀರೆ ಪಂಕಜಾಕ್ಷಿಯದ್ದು. ವಿಜೇತಾ ಹುಟ್ಟಿದಾಗ ಅವನೇ ತಂದುಕೊಟ್ಟದ್ದು. ಕಂಡಕೂಡಲೇ ಅವನಿಗೆ ಸಿಟ್ಟೂ ಬಂತು, ಸಂಕಟವೂ ಬಂತು. ಕುರ್ಚಿಗಳ ಹತ್ತಿರ ಮಾತು ಶುರುಮಾಡಿದ. ಬೈಯಲೆಂದು ಶುರುಮಾಡಿದ್ದು ಬೇರೆಲ್ಲೋ ಹೋಯಿತು. ಹೆಂಡತಿಗೆ ಹೇಳಲಾಗದ್ದನ್ನೆಲ್ಲ ಆ ಪ್ಲಾಸ್ಟಿಕ್ಕಿನ ಎದುರು ಹೇಳಿ ಮುಗಿಸುವಾಗ ಕಣ್ಣು ಒದ್ದೆಯಾಗಿತ್ತು.

‘ಕಟ್! ಸೂಪರ್ ಮಾಮ!’ ಎಂದು ಆಚೆಯಿಂದ ಉಜ್ವಲ್ ಕೂಗಿದ. ಒಂದಕ್ಷರ ಯಾರಿಗೂ ಕೇಳಲಿಲ್ಲ ಎಂಬ ಧೈರ್ಯದಲ್ಲಿ ಪುರಂದರಣ್ಣ ಮೂಗು ಒರೆಸಿಕೊಂಡ.

ಎರಡು ದಿನ ಬಿಟ್ಟು ಪಂಕಜಾಕ್ಷಿಯ ಸರದಿ. ಅವಳ ಎದುರಿಗೆ ಬೀರಣ್ಣನ ಜಾಗದಲ್ಲಿ ನಿಲ್ಲಿಸಿದ್ದು ‘ಪಂಕಜಾ ಸೌಂಡ್ಸ್’ನ ಒಂದು ಮೈಕ್ ಸ್ಟ್ಯಾಂಡ್, ಅದರ ತಲೆಗೆ ರುಮಾಲು. ಸ್ಟ್ಯಾಂಡ್ ತೆಗೆದುಕೊಂಡು ಹೋಗಿದ್ದ ಜಯಪಾಲ ಸಂಜೆ ಬಂದು ವರದಿ ಒಪ್ಪಿಸಿದ.

‘ಅಕ್ಕ ಸ್ಟ್ಯಾಂಡಿಗೆ ಸಮಾ ಹೇಳಿದ್ದಾರೆ ಪುರಂದರಣ್ಣ. ಕೈ ಬೀಸಿ ಬೀಸಿ!’

‘ಎಂತ ಹೇಳಿದ್ದು?’

‘ಯಾರಿಗೆ ಗೊತ್ತು? ನನ್ನನ್ನು ಕೋಟೆಯಿಂದಲೇ ಹೊರಗೆ ಓಡಿಸಿದ್ರು, ದೂರದಿಂದ ಕೈ ಮಾತ್ರ ಕಂಡದ್ದು.’

ಪುರಂದರಣ್ಣ ಆ ಸ್ಟ್ಯಾಂಡನ್ನು ಅಂಗಡಿಯ ಮೂಲೆಯಲ್ಲಿಟ್ಟು ಬಹಳ ಹೊತ್ತು ನೋಡಿದ. ತನಗೆ ಸಿಗದ ಮಾತು ಈ ಕಬ್ಬಿಣದ ಕೋಲಿಗೆ ಸಿಕ್ಕಿತಲ್ಲ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು.

ಸಿನಿಮಾ ತಯಾರಾಯಿತು. ಅಮ್ಮನಿಗೆ ಕೂಡ ತೋರಿಸದೆ ಉಜ್ವಲ್ ಗುಟ್ಟಾಗಿಟ್ಟಿದ್ದ. ಒಂದು ಆದಿತ್ಯವಾರ ಮಧ್ಯಾಹ್ನ ಊಟ ಕಳೆದು ಮೀಂಜದ ವಾಚನಾಲಯದ ಹಾಲಿನಲ್ಲಿ ಪ್ರದರ್ಶನ. ಕಿಟಿಕಿಗಳಿಗೆ ಶಾಮಿಯಾನದ ಬಟ್ಟೆ ಕಟ್ಟಿ ಕತ್ತಲೆ ಮಾಡಿದ್ದರು. ಪಂಚಾಯತ್ ಮೆಂಬರರ ಭಾಷಣಕ್ಕೆಂದು ಪುರಂದರಣ್ಣ ಒಂದೇ ಒಂದು ಮೈಕ್ ಇಟ್ಟಿದ್ದ. ಎದುರಿನ ಸಾಲಿನಲ್ಲಿ ಹೊಸ ಸೀರೆಯುಟ್ಟ ಸೌದಾಮಿನಿಯಕ್ಕ, ಪಕ್ಕದಲ್ಲಿ ದೇವಕಿ ಟೀಚರು. ಎಡಗಡೆ ಕುಟುಂಬಶ್ರೀಯವರ ನಡುವೆ ಪಂಕಜಾಕ್ಷಿ. ಬಲಗಡೆ ಪುರಂದರಣ್ಣ. ಅಮ್ಮ ಹೇಗೆ ನೋಡುತ್ತಾಳೋ ಎಲ್ಲರೂ ಹಾಗೇ ನೋಡಬೇಕೆಂದು ಉಜ್ವಲ್ ಸಂಗೀತವನ್ನೂ ಹಾಕಿರಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಹಾಲಿನಲ್ಲಿ ಬೇರೆ ಸದ್ದಿಲ್ಲ.

ಪರದೆಯ ಮೇಲೆ ಎಳೆಯ ಬೀರಣ್ಣ ಕಾಂತುವಿನ ಕೈ ಹಿಡಿದ. ಯುದ್ಧಕ್ಕೆ ಹೊರಡುವ ಗಳಿಗೆ. ‘ಪ್ರಿಯೆ, ಕೇದಗೆ ಮತ್ತೊಮ್ಮೆ ಅರಳುವ ಮೊದಲು ಮರಳುವೆನು’ ಎಂದು ಅಕ್ಷರ ಬಂತು. ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ಬೀರಣ್ಣನ ಮುಖ ಬಂತು, ತುಟಿ ಅಲುಗಿತು. ಆಗ ಸೌದಾಮಿನಿಯಕ್ಕನ ಸ್ವರ ಸಭಾಂಗಣವಿಡೀ ತುಂಬಿತು.

‘ಬಿರಿಯಾನಿ ಬಂತಾ ಅಂತ ಕೇಳ್ತಾ ಇದ್ದಾನೆ ಇವ!’

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಕಾಂತು ಕಣ್ಣೀರಿನಿಂದ ತಲೆಯೆತ್ತಿದಳು.

‘ಇವಳು ಹೇಳುದು, ದೂರ ನಿಲ್ಲು ಮಾರಾಯ, ನಿನ್ನ ಬಾಯಿ ಬೆಳ್ಳುಳ್ಳಿ ನಾತ ಹೊಡೀತದೆ ಅಂತ!’

ಸಭೆ ಬಿದ್ದು ಬಿದ್ದು ನಕ್ಕಿತು. ಪೂಜಾಶ್ರೀ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ವಿಖ್ಯಾತ್ ಕುರ್ಚಿಯ ಕೆಳಗೆ ಏನೋ ಹುಡುಕುವವನ ಹಾಗೆ ಬಗ್ಗಿದ. ದೇವಕಿ ಟೀಚರು ಎದ್ದು ನಿಂತು, ‘ನನ್ನ ಬೀರಣ್ಣ ಬಿರಿಯಾನಿ ಕೇಳುದಾ? ಅವ ಮೂರು ದಿನದಿಂದ ಉಪವಾಸ ಇದ್ದವ!’ ಎಂದು ಗುಡುಗಿದರು. ‘ಹಾಗಾದ್ರೆ ಕೇಳದೆ ಎಂತ ಮಾಡುದು ಟೀಚರ್?’ ಎಂದು ಹಿಂದಿನಿಂದ ಯಾರೋ ಕೂಗಿದರು. ಸೌದಾಮಿನಿಯಕ್ಕ ತಿರುಗಿ ನೋಡಿದಳು. ಎಲ್ಲರೂ ನಗುತ್ತಿದ್ದರು, ತನ್ನ ಮಾತಿಗೆ ನಗುತ್ತಿದ್ದರು. ಅವಳಿಗೆ ಹುರುಪು ಬಂದು ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದು ಕೂತಳು.

ಪುರಂದರಣ್ಣನೂ ಹೊಟ್ಟೆ ಹಿಡಿದು ನಗುತ್ತಿದ್ದ. ನಗುತ್ತ ನಗುತ್ತ ಒಮ್ಮೆಲೇ ಬಾಯಿ ಮುಚ್ಚಿತು. ಅಯ್ಯೋ ದೇವರೇ! ಕೊನೆಯ ದೃಶ್ಯ! ಮೈಕ್ ಹುಡುಕಿ ಹುಡುಕಿ ನೋಡಿದ್ದ, ಅಕ್ಕನ ಕಣ್ಣನ್ನು ಮರೆತಿದ್ದ. ಅಕ್ಕ ಎದುರಿಗಿದ್ದರೆ ಗೋಡೆಗೆ ತಿರುಗಿ ಮಾತಾಡುವುದು ಅವನಿಗೂ ರೂಢಿಯೇ. ಆದರೆ ಆ ದಿನ ಎದುರಿಗೆ ಇದ್ದದ್ದು ಕುರ್ಚಿಗಳಲ್ಲವೇ? ಕುರ್ಚಿಯ ಹತ್ತಿರ ಆಡಿದ್ದು ಮೀಂಜದ ಹಾಲಿನಲ್ಲಿ ಅಕ್ಕನ ಮುಂದೆ ಬಂದು ನಿಲ್ಲುತ್ತದೆಂದು ಯಾರು ಕಂಡಿದ್ದರು? ಪರದೆಯ ಮೇಲೆ ಯುದ್ಧ ನಡೆಯುತ್ತಿತ್ತು. ‘ಓಡ್ಬೇಡ, ನನ್ನ ಪಂಚೆ ಬಿಚ್ಚುತ್ತಾ ಉಂಟು’ ಎಂದು ಇಕ್ಕೇರಿಯ ಸೈನಿಕನೊಬ್ಬ ಅರಚಿದ್ದನ್ನು ಅಕ್ಕ ಓದುತ್ತಿದ್ದಳು.

ಪ್ರೊಜೆಕ್ಟರಿನ ಪ್ಲಗ್ಗು ಹಾಲಿನ ಹಿಂಬದಿಯ ಗೋಡೆಯಲ್ಲಿತ್ತು. ಕಿತ್ತರೆ ಮುಗಿಯಿತು, ಕರೆಂಟಿನ ಮೇಲೆ ತಪ್ಪು ಹಾಕಿದರಾಯಿತು. ಪುರಂದರಣ್ಣ ಬಗ್ಗಿಕೊಂಡು, ಯಾರ್ಯಾರದೋ ಕಾಲು ತುಳಿದು, ಕತ್ತಲೆಯಲ್ಲಿ ಗೋಡೆ ತಡವುತ್ತ ಹೋಗಿ ಪ್ಲಗ್ಗಿಗೆ ಕೈ ಹಾಕಿದ. ಅಲ್ಲಿ ಆಗಲೇ ಇನ್ನೊಂದು ಕೈಯಿತ್ತು. ಬಳೆ ತೊಟ್ಟ ಕೈ.

ಪಂಕಜಾಕ್ಷಿ!

ಇಬ್ಬರೂ ಕೈ ತೆಗೆಯಲಿಲ್ಲ, ಇಬ್ಬರೂ ಮಾತಾಡಲಿಲ್ಲ. ಪ್ರಪಂಚ ಮುಳುಗಿದರೂ ಮೊದಲು ಬಾಯಿ ಬಿಡುವವರು ಯಾರು? ಅವಳು ಯಾಕೆ ಬಂದಳೆಂದು ಪುರಂದರಣ್ಣನಿಗೆ ಅರ್ಥವಾಯಿತು. ಅವಳೂ ಏನೋ ಹೇಳಿದ್ದಾಳೆ, ಊರು ಕೇಳಬಾರದ್ದು. ಪರದೆಯ ಮಂದ ಬೆಳಕಿನಲ್ಲಿ ‘ನೀನೇ ಎಳೆ’ ಎಂದು ಅವನು ಕಣ್ಣಲ್ಲಿ ಹೇಳಿದ. ‘ನೀವೇ ಎಳೆಯಿರಿ’ ಎಂದು ಅವಳು ಗದ್ದ ಎತ್ತಿದಳು. ಎಳೆದರೆ ತನ್ನ ಮಾನ ಉಳಿಯುತ್ತಿತ್ತು. ಆದರೆ ಎಳೆದರೆ ಆ ಮೈಕ್ ಸ್ಟ್ಯಾಂಡಿಗೆ ಅವಳು ಹೇಳಿದ್ದೇನು ಎಂಬುದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಅವಳಿಗೂ ಅದೇ ಯೋಚನೆ ಇದ್ದಿರಬೇಕು. ಎರಡು ಕೈಗಳು ಒಂದೇ ಪ್ಲಗ್ಗನ್ನು ಬಿಗಿಯಾಗಿ ಹಿಡಿದುಕೊಂಡು ನಿಂತವು, ಯಾವ ಕೈಯೂ ಎಳೆಯಲಿಲ್ಲ.

ಪರದೆಯ ಮೇಲೆ ಮುದಿ ಬೀರಣ್ಣ ಕೊತ್ತಲ ಹತ್ತಿ ಬಂದ. ಅಕ್ಷರ ಬರಲಿಲ್ಲ, ಇಲ್ಲಿ ಬೇಡವೆಂದು ಉಜ್ವಲ್ ಬಿಟ್ಟಿದ್ದ. ಬೀರಣ್ಣನ ತುಟಿ ಅಲುಗಿತು.

‘ಓ, ನಮ್ಮ ಪುರಂದರ!’ ಎಂದಳು ಸೌದಾಮಿನಿಯಕ್ಕ. ‘ಹೇಳ್ತಾನೆ... ನಿನಗೆ ಎಷ್ಟು ಸೊಕ್ಕು ಪಂಕಜಾ. ಒಂದು ತಮಾಷೆ ಮಾಡಿದ್ದಕ್ಕೆ ಇಷ್ಟಾ...’

ಸಭೆ ಮತ್ತೆ ನಕ್ಕಿತು. ಅಕ್ಕನ ಸ್ವರ ಮಾತ್ರ ನಿಧಾನವಾಯಿತು.

‘ನೀನು ಆ ಕೋಣೆಗೆ ಹೋದ ಮೇಲೆ ನನಗೆ ನಿದ್ರೆ ಇಲ್ಲ... ಮನೆ ಮನೆ ಅಂತ ಅನ್ನಿಸುದಿಲ್ಲ... ದಿನಾ ಬಂದು ನಿನ್ನ ಬಾಗಿಲ ಹತ್ತಿರ ನಿಲ್ತೇನೆ. ಗೊರಕೆ ಕೇಳ್ಲಿಕ್ಕೆ. ಅದು ಕೇಳಿದ್ರೆ ಒಂದು ಧೈರ್ಯ... ಆಮೇಲೆ ಹೋಗಿ ಮಲಗ್ತೇನೆ.’

ಈ ಸಲ ನಗು ಬರಲಿಲ್ಲ. ಪುರಂದರಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕಕ್ಕೆ ನೋಡುವ ಧೈರ್ಯವಾಗಲಿಲ್ಲ. ಪರದೆಯ ಮೇಲೆ ಕಾಂತುವಿನ ಮುಖ ಬಂತು. ನರೆತ ಕೂದಲು ಗಾಳಿಗೆ ಹಾರುತ್ತಿತ್ತು. ಬೇರೆ ದಿನ ತೆಗೆದದ್ದೆಂದು ಯಾರೂ ಹೇಳಲಾರರು. ಎದುರೆದುರು ನಿಂತೇ ಮಾತಾಡಿದಂತಿತ್ತು.

‘ಪಂಕಜ ಹೇಳ್ತಾಳೆ,’ ಎಂದಳು ಅಕ್ಕ, ‘ದಿನಾ ಬಂದು ಬಾಗಿಲ ಹೊರಗೆ ನಿಲ್ಲುದು ಎಂತಕ್ಕೆ? ನನಗೆ ಗೊತ್ತಾಗುದಿಲ್ಲ ಅಂತ ಮಾಡಿದ್ರಾ? ಒಳಗೆ ಬರ್ಲಿಕ್ಕೆ ಎಂತ ದಾಡಿ ನಿಮಗೆ? ಚಿಲಕ ಹಾಕಿಯೇ ಇಲ್ಲ ನಾನು... ನನಗೂ ನಿದ್ರೆ ಎಲ್ಲಿ ಬರ್ತದೆ? ನೀವು ಬಂದು ನಿಂತ ಕೂಡ್ಲೆ ಸುಮ್ಮನೆ ಗೊರಕೆ ಹೊಡೆದ ಹಾಗೆ ಮಾಡುದು. ಇಲ್ಲದಿದ್ರೆ ನೀವು ಬೆಳಿಗ್ಗೆವರೆಗೆ ಅಲ್ಲೇ ನಿಲ್ತೀರಲ್ಲ!’

ಕುಟುಂಬಶ್ರೀಯವರ ಸಾಲಿನಲ್ಲಿ ಯಾರೋ ಮೂಗು ಎಳೆದರು. ದೇವಕಿ ಟೀಚರು, ‘ಇದು ನನ್ನ ಕಾದಂಬರಿಯಲ್ಲಿ ಇಲ್ಲ,’ ಎಂದರು. ಕನ್ನಡಕ ತೆಗೆದು ಒರೆಸಿಕೊಂಡು, ‘ಇರಬೇಕಿತ್ತು,’ ಎಂದರು. ಉಜ್ವಲ್ ಬೇಕೆಂದೇ ಹೀಗೆ ಜೋಡಿಸಿದನೋ ಎಂದು ಕೇಳಿದರೆ, ಮಾತು ತನಗೂ ಗೊತ್ತಿರಲಿಲ್ಲ, ಮುಖ ನೋಡಿ ಜೋಡಿಸಿದ್ದು ಎಂದು ಅವನು ಇವತ್ತಿಗೂ ಕ್ಯಾಮರಾ ಮುಟ್ಟಿ ಆಣೆ ಹಾಕುತ್ತಾನೆ.

ದೀಪ ಹಾಕಿದರು. ಊರೆಲ್ಲ ತಿರುಗಿ ನೋಡಿದರೆ ಗಂಡ ಹೆಂಡತಿ ಹಿಂದಿನ ಗೋಡೆಯ ಹತ್ತಿರ ಒಂದೇ ಪ್ಲಗ್ಗು ಹಿಡಿದುಕೊಂಡು ನಿಂತಿದ್ದಾರೆ. ಪುರಂದರಣ್ಣ ಈಗ ಧೈರ್ಯ ಮಾಡಿ ಪಂಕಜಾಕ್ಷಿಯ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು. ಆದರೂ ಬಾಯಿ ಬಿಟ್ಟಳಾ? ಇಲ್ಲ! ಗದ್ದವೆತ್ತಿ ವೇದಿಕೆಯ ಮೇಲಿನ ಮೈಕ್ ತೋರಿಸಿದಳು. ಹಟವೆಂದರೆ ಹಟ.

ಪುರಂದರಣ್ಣ ಹೊರಟ. ಕುರ್ಚಿಗಳ ನಡುವಿನ ಆ ದಾರಿ ಅವನಿಗೆ ಕುಂಜತ್ತೂರಿನಿಂದ ಬೋವಿಕಾನದವರೆಗೆ ನಡೆದಷ್ಟು ಉದ್ದವಾಯಿತು. ಮೈಕ್ ಕೈಗೆತ್ತಿಕೊಂಡು ಆನ್ ಮಾಡಿದ. ಈ ಸಲ ಎರಡೆರಡು ಸಲ ನೋಡಿ, ಆನ್ ಆಗಿದೆಯೆಂದು ಖಚಿತ ಮಾಡಿಕೊಂಡ. ಸಾವಿರ ಸಭೆಗೆ ‘ಹಲೋ’ ಅಂದವನ ಗಂಟಲಿನಿಂದ ಒಂದಕ್ಷರ ಹೊರಗೆ ಬರಲಿಲ್ಲ. ತುಟಿ ಮಾತ್ರ ಅಲುಗಿತು. ಇನ್ನೊಮ್ಮೆ ಪ್ರಯತ್ನಿಸಿದ. ತುಟಿ ಅಲುಗಿತು, ಡಬ್ಬದಿಂದ ಸದ್ದಿಲ್ಲ.

ಎದುರಿನ ಸಾಲಿನಿಂದ ಸೌದಾಮಿನಿಯಕ್ಕ ಎದ್ದು ನಿಂತಳು. ತಮ್ಮನ ಮುಖ ನೋಡಿದಳು, ಜನರ ಮುಖ ನೋಡಿದಳು.

‘ತಪ್ಪಾಯ್ತು ಪಂಕಜಾ ಅಂತ ಹೇಳ್ತಾ ಇದ್ದಾನಲ್ಲ,’ ಎಂದಳು. ‘ಎಂತ, ಯಾರಿಗೂ ಕೇಳುದಿಲ್ವಾ?’

ಹಿಂದಿನ ಗೋಡೆಯ ಹತ್ತಿರದಿಂದ ಪಂಕಜಾಕ್ಷಿಯ ಸ್ವರ ಬಂತು. ಅದು ಬೆಕ್ಕಿಗೆ ಹೇಳಿದ್ದಲ್ಲ, ಅಕ್ಕನಿಗೆ ಹೇಳಿದ್ದೂ ಅಲ್ಲ.

‘ನನಗೆ ಕೇಳಿತು,’ ಎಂದಳು. ‘ಸಾಕು, ಇಳಿಯಿರಿ ಕೆಳಗೆ. ಮನೆಗೆ ಹೋಗುವ.’